ಎತ್ತಿಕೊಂಡವರ ಕೂಸು

ಮಗುವನ್ನು ಮೆಚ್ಚಿಕೊಳ್ಳುವಾಗ ನಮ್ಮ ಹಿರಿಯರು ಆಡುತ್ತಿದ್ದ ಮಾತೊಂದುಂಟು: ‘ಎತ್ತಿಕೊಂಡವರ ಕೂಸು’. ಯಾರು ಕೈ ಚಾಚಿದರೂ ಅಳದೆ ಹೋಗುವ, ಯಾರ ಸೊಂಟದ ಮೇಲಾದರೂ ಹಾಯಾಗಿ ಕುಳಿತುಕೊಳ್ಳುವ ಮಗುವಿಗೆ ಸಲ್ಲುತ್ತಿದ್ದ ಬಿರುದು ಅದು. ಹತ್ತಾರು ಮಂದಿ ಒಟ್ಟಿಗಿದ್ದ ಮನೆಗಳಲ್ಲಿ ಅಂಥ ಮಗು ತಾಯಿಯ ಪಾಲಿಗೆ ವರವೇ ಸರಿ. ನೀರು ಸೇದುವುದಕ್ಕೆ, ರಾಗಿ ಬೀಸುವುದಕ್ಕೆ, ಹೊಲಕ್ಕೆ ಬುತ್ತಿ ಒಯ್ಯುವುದಕ್ಕೆ ಆಕೆಗೆ ಬಿಡುವು ಸಿಗುತ್ತಿತ್ತು. ಈ ಮಾತಿನಲ್ಲಿ ಮಗುವಿನ ಗುಣದ ಹೊಗಳಿಕೆ ಎಷ್ಟಿದೆಯೋ, ಎತ್ತಿಕೊಳ್ಳುವ ಕೈಗಳು ಸುತ್ತಮುತ್ತ ಇದ್ದೇ ಇರುತ್ತವೆಂಬ ನೆಮ್ಮದಿಯೂ ಅಷ್ಟೇ ಇದೆ.

ಆ ಕೈಗಳು ಈಗ ಕಡಿಮೆಯಾಗಿವೆ. ತಂದೆತಾಯಿ ಇಬ್ಬರೂ ಕೆಲಸಕ್ಕೆ ಹೊರಡುವ ಮನೆಗಳಲ್ಲಿ, ವರ್ಷ ತುಂಬದ ಕೂಸನ್ನು ಬೆಳಗ್ಗೆ ಎಲ್ಲಿ ಬಿಡಬೇಕೆಂಬುದೇ ದಿನದ ಮೊದಲ ಪ್ರಶ್ನೆ. ಈ ಪ್ರಶ್ನೆ ಎದ್ದಲ್ಲೆಲ್ಲ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. ಹೆತ್ತವಳ ಮಡಿಲಿಗೆ ಸಾಟಿಯಿಲ್ಲ, ಸಂಬಳಕ್ಕೆ ಸಾಕುವವರಿಂದ ಮಮತೆಯನ್ನು ನಿರೀಕ್ಷಿಸುವುದು ಹುಚ್ಚು ಎನ್ನುವವರು ಒಂದು ಕಡೆ. ಮಗುವನ್ನು ಬೆಳೆಸುವುದೂ ಒಂದು ವಿದ್ಯೆ, ಅದನ್ನು ಕಲಿತವರ ಕೈಗೆ ಒಪ್ಪಿಸಿದರೆ ಮನೆಗಿಂತ ಚೆನ್ನಾಗಿಯೇ ಬೆಳೆಯುತ್ತದೆ ಎನ್ನುವವರು ಇನ್ನೊಂದು ಕಡೆ. ನಾನು ಮನಶ್ಶಾಸ್ತ್ರಜ್ಞನಲ್ಲ, ಮಕ್ಕಳ ವೈದ್ಯನೂ ಅಲ್ಲ. ಇತಿಹಾಸ ಓದುವ ಹವ್ಯಾಸವುಳ್ಳವನು. ಈ ವಾಗ್ವಾದಕ್ಕೂ ಒಂದು ಇತಿಹಾಸವಿದೆ. ಅದನ್ನು ತಿರುವಿಹಾಕಿದಾಗ, ಎರಡು ಪಕ್ಷದವರೂ ಕೇಳದೆ ಬಿಟ್ಟ ಮೂರನೆಯ ಪ್ರಶ್ನೆಯೊಂದು ನನಗೆ ಎದುರಾಯಿತು. ಅದನ್ನು ತಮ್ಮ ಮುಂದಿಡುವುದಷ್ಟೇ ಈ ಭಾಷಣದ ಉದ್ದೇಶ.

ಮೊದಲಿಗೆ, ಹಿಂದಿನ ಕಾಲದಲ್ಲಿ ಎಲ್ಲ ತಾಯಂದಿರೂ ತಮ್ಮ ಮಕ್ಕಳನ್ನು ತಾವೇ ಸಾಕುತ್ತಿದ್ದರೆಂಬ ನಂಬಿಕೆಯನ್ನು ಸ್ವಲ್ಪ ಸಡಿಲಗೊಳಿಸಬೇಕು. ೧೭೮೦ರಲ್ಲಿ ಪ್ಯಾರಿಸ್ ನಗರದ ಪೊಲೀಸ್ ಮುಖ್ಯಾಧಿಕಾರಿಯಾಗಿದ್ದ ಲೆನ್ವಾರ್ ಎಂಬಾತ ಒಂದು ಲೆಕ್ಕ ಕೊಟ್ಟಿದ್ದಾನೆ. ಆ ನಗರದಲ್ಲಿ ವರ್ಷಕ್ಕೆ ಹುಟ್ಟುವ ಸುಮಾರು ೨೧,೦೦೦ ಶಿಶುಗಳಲ್ಲಿ ಹೆತ್ತ ತಾಯಿಯ ಹಾಲು ಕುಡಿದು ಬೆಳೆಯುವುವು ಸುಮಾರು ೧,೦೦೦ ಮಾತ್ರ. ಇನ್ನೊಂದು ಸಾವಿರಕ್ಕೆ ಮನೆಯಲ್ಲೇ ಇಟ್ಟುಕೊಂಡ ದಾದಿಯರು. ಉಳಿದವುಗಳನ್ನೆಲ್ಲ ನಗರದ ಹೊರಗೆ, ಹಳ್ಳಿಗಳಲ್ಲಿ ಮೊಲೆಯೂಡುವ ಹೆಂಗಸರ ಬಳಿಗೆ ಕಳುಹಿಸಲಾಗುತ್ತಿತ್ತು. ಶ್ರೀಮಂತರು ಮಾತ್ರ ಹೀಗೆ ಮಾಡುತ್ತಿದ್ದರೆಂದು ತಿಳಿಯಬೇಡಿ. ನೇಯ್ಗೆಯವರು, ಅಂಗಡಿಯವರು, ಕೈಕಸುಬಿನವರು, ಇವರ ಹೆಂಡಂದಿರು ಗಂಡಂದಿರ ಜೊತೆ ದುಡಿಯಲೇಬೇಕಾಗಿದ್ದವರು. ಕಳುಹಿಸಿದ ಮಕ್ಕಳಲ್ಲಿ ಎಷ್ಟೋ ಮಕ್ಕಳು ಹಿಂದಿರುಗಿ ಬರಲೇ ಇಲ್ಲ.

ಅದೇ ಪ್ಯಾರಿಸಿನಲ್ಲಿ ೧೮೪೪ರ ನವೆಂಬರ್ ತಿಂಗಳಲ್ಲಿ ಫರ್ಮ್ಯಾಂ ಮಾರ್ಬೊ ಎಂಬ ವಕೀಲ ದುಡಿಯುವ ತಾಯಂದಿರ ಹಸುಗೂಸುಗಳಿಗಾಗಿ ಹಗಲುಹೊತ್ತಿನ ಆಶ್ರಯವೊಂದನ್ನು ತೆರೆದ. ಎರಡು ವರ್ಷ ದಾಟಿದ ಮಕ್ಕಳಿಗೆ ಅಲ್ಲಿ ಆಗಲೇ ಶಾಲೆಗಳಂಥವು ಇದ್ದವು. ಅದಕ್ಕಿಂತ ಎಳೆಯವರ ಗತಿಯೇನೆಂದು ಯಾರೂ ಕೇಳಿರಲಿಲ್ಲ. ತನ್ನ ಆಶ್ರಯಕ್ಕೆ ಆತ ಇಟ್ಟ ಹೆಸರು ‘ಕ್ರೆಷ್’. ಆ ಮಾತಿಗೆ ಗೋದಲಿ ಎಂದು ಅರ್ಥ, ಕ್ರಿಸ್ತ ಹುಟ್ಟಿದಾಗ ಮಲಗಿಸಿದ ಗೋದಲಿ. ತಾಯಂದಿರು ಕೆಲಸದ ನಡುವೆ ಬಂದು ಹಾಲೂಡಿಸಿ ಹೋಗಬೇಕೆಂಬುದು ಅಲ್ಲಿನ ಏರ್ಪಾಡು. ಕಾಲುವೆಯಾಚೆಯ ಇಂಗ್ಲೆಂಡಿನ ಗಿರಣಿಯೂರುಗಳಲ್ಲಿ ಆ ಹೊತ್ತಿಗೆ ಬೇರೊಂದು ಏರ್ಪಾಡು ನಡೆದಿತ್ತು. ‘ಗಾಡ್‌ಫ್ರೀಸ್ ಕಾರ್ಡಿಯಲ್’ ಎಂಬ ಅಫೀಮು ಬೆರೆಸಿದ ಸಿಹಿ ಔಷಧವನ್ನು ಕುಡಿಸಿ ಕೂಸುಗಳನ್ನು ಮಲಗಿಸಿ ಹೋಗುತ್ತಿದ್ದರು. ಮುಂಬಯಿಯ ಗಿರಣಿ ಕೆಲಸದ ಹೆಂಗಸರೂ ಮಕ್ಕಳಿಗೆ ಅಫೀಮು ತಿನ್ನಿಸುತ್ತಿದ್ದರೆಂಬುದು ಇಪ್ಪತ್ತನೆಯ ಶತಮಾನದ ವರದಿಗಳಲ್ಲೇ ದಾಖಲಾಗಿದೆ. ಆ ತಾಯಂದಿರನ್ನು ಹಳಿಯುವುದು ಸುಲಭ. ಗಿರಣಿಯ ಶಿಳ್ಳೆ ಕೂಗಿದಾಗ ಅಳುವ ಕೂಸನ್ನು ಏನು ಮಾಡಬೇಕೆಂದು ಹಳಿದವರು ಹೇಳಲಿಲ್ಲ.

ಇಷ್ಟು ಹಿನ್ನೆಲೆ ಸಾಕು. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಬಡಾವಣೆಯಲ್ಲಿದ್ದ ಕೆಲವು ಮನೆಗಳ ಕಥೆ. ೧೯೩೯ರ ಸೆಪ್ಟೆಂಬರಿನ ಮೊದಲ ಕೆಲವೇ ದಿನಗಳಲ್ಲಿ ಬ್ರಿಟನ್ನಿನ ನಗರಗಳಿಂದ ಸುಮಾರು ೧೫ ಲಕ್ಷ ಮಂದಿಯನ್ನು ಹಳ್ಳಿಗಾಡಿಗೆ ಸಾಗಿಸಿದರು. ಅವರಲ್ಲಿ ಹೆಚ್ಚಿನವರು ಮಕ್ಕಳು, ಕೊರಳಿಗೆ ಹೆಸರಿನ ಚೀಟಿ ಕಟ್ಟಿಕೊಂಡು ರೈಲು ಹತ್ತಿದವರು. ಬಾಂಬಿನಿಂದ ಮಕ್ಕಳನ್ನು ಉಳಿಸುವುದೊಂದೇ ಸರಕಾರದ ಯೋಚನೆ. ತಾಯಿಯಿಂದ ಅಗಲಿಸಿದರೆ ಆ ಮಕ್ಕಳಿಗೆ ಏನಾದೀತೆಂದು ಯೋಚಿಸುವ ವ್ಯವಧಾನ ಯಾರಿಗೂ ಇರಲಿಲ್ಲ.

ಆ ಯೋಚನೆ ಮಾಡಿದವರಲ್ಲಿ ಒಬ್ಬಾಕೆ ಆನಾ ಫ್ರಾಯ್ಡ್, ಸಿಗ್ಮಂಡ್ ಫ್ರಾಯ್ಡನ ಕಿರಿಯ ಮಗಳು. ಹಿಟ್ಲರನ ಸೇನೆ ೧೯೩೮ರಲ್ಲಿ ವಿಯೆನ್ನಾ ನಗರವನ್ನು ವಶಪಡಿಸಿಕೊಂಡಾಗ ಮುದಿ ತಂದೆಯನ್ನು ಕರೆದುಕೊಂಡು ಲಂಡನ್ನಿಗೆ ಬಂದವಳು. ಅದಕ್ಕೆ ಮುಂಚೆ ವಿಯೆನ್ನಾದಲ್ಲೇ ಕಡುಬಡವರ ಕೂಸುಗಳಿಗಾಗಿ ಒಂದು ಹಗಲು ಶಿಶುಗೃಹ ನಡೆಸಿ ಅನುಭವ ಪಡೆದಿದ್ದಳು. ಗೆಳತಿ ಡೊರೊಥಿ ಬರ್ಲಿಂಗ್‌ಹ್ಯಾಮಳ ಜೊತೆಗೂಡಿ, ಅಮೆರಿಕದಿಂದ ಬಂದ ದಾನದ ಹಣದಿಂದ, ೧೯೪೧ರ ಆರಂಭದಲ್ಲಿ ಆಕೆ ಹ್ಯಾಂಪ್‌ಸ್ಟೆಡ್ ಶಿಶುಗೃಹಗಳನ್ನು ಶುರುಮಾಡಿದಳು. ಎರಡು ಮನೆಗಳು ಲಂಡನ್ನಿನಲ್ಲಿ, ಒಂದು ಎಸೆಕ್ಸಿನ ಹಳ್ಳಿಗಾಡಿನಲ್ಲಿ. ಎಂಬತ್ತಕ್ಕೂ ಹೆಚ್ಚು ಮಕ್ಕಳಿಗೆ ಅಲ್ಲಿ ನೆಲೆ. ತಂದೆ ಯುದ್ಧಕ್ಕೆ ಹೋಗಿ ತಾಯಿ ಕಾರ್ಖಾನೆ ಸೇರಿದ ಮಕ್ಕಳು, ಮನೆ ಕುಸಿದು ಸುರಂಗರೈಲಿನ ನಿಲ್ದಾಣಗಳಲ್ಲಿ ರಾತ್ರಿ ಕಳೆಯುತ್ತಿದ್ದ ಮಕ್ಕಳು. ಇವು ಹಗಲು ಬಿಟ್ಟು ಸಂಜೆ ಕರೆದೊಯ್ಯುವ ಮನೆಗಳಲ್ಲ, ರಾತ್ರಿಹಗಲೂ ಇರುವ ಮನೆಗಳು ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಇದೇ ದೊಡ್ಡ ತೊಡಕಾಗುತ್ತದೆ.

ಆನಾ ಫ್ರಾಯ್ಡಳ ಕ್ರಮ ವಿಶಿಷ್ಟವಾದದ್ದು. ದಾದಿಯರು ಮಾತ್ರವಲ್ಲ, ಆ ಮನೆಗಳಲ್ಲಿ ಯಾವ ಕೆಲಸ ಮಾಡುವವರೇ ಆಗಲಿ, ಮಕ್ಕಳ ನಡೆನುಡಿಯಲ್ಲಿ ಕಂಡದ್ದನ್ನು ಚೀಟಿಗಳಲ್ಲಿ ಬರೆದಿಡಬೇಕು. ಅಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುವ, ಒಡೆದದ್ದನ್ನು ದುರಸ್ತಿ ಮಾಡುವ ಕೆಲಸಕ್ಕಿದ್ದ ಜೇಮ್ಸ್ ರಾಬರ್ಟ್‌ಸನ್ ಎಂಬ ಯುದ್ಧವಿರೋಧಿ ಯುವಕನೂ ಹೀಗೆಯೇ ನೋಡುವುದನ್ನು ಕಲಿತ. ೧೯೫೨ರಲ್ಲಿ ಆತ, ಎರಡು ವರ್ಷದ ಮಗುವೊಂದು ಆಸ್ಪತ್ರೆಯಲ್ಲಿ ತಾಯಿಯಿಲ್ಲದೆ ದಿನ ಕಳೆಯುವುದನ್ನು ಚಲನಚಿತ್ರವಾಗಿ ತೆಗೆದ. ಇಂಗ್ಲೆಂಡಿನ ಆಸ್ಪತ್ರೆಗಳು ಮಕ್ಕಳ ವಾರ್ಡಿನ ಬಾಗಿಲನ್ನು ತಾಯಂದಿರಿಗೆ ತೆರೆಯಬೇಕೆಂದು ೧೯೫೯ರಲ್ಲಿ ಸರಕಾರಿ ಸಮಿತಿಯೊಂದು ಹೇಳಿದ್ದರ ಹಿಂದೆ ಆ ಚಿತ್ರದ ಒತ್ತಡವೂ ಇತ್ತು.

ಆ ಚೀಟಿಗಳಿಂದ ಎದ್ದುಬಂದ ಚಿತ್ರ ಯಾವ ಪಕ್ಷಕ್ಕೂ ಪೂರ್ತಿ ಅನುಕೂಲವಾದದ್ದಲ್ಲ. ಮೊದಲ ಐದಾರು ತಿಂಗಳು ಶಿಶುಗೃಹದ ಕೂಸುಗಳು ಬಡವರ ಮನೆಯ ಕೂಸುಗಳಿಗಿಂತ ಪುಷ್ಟಿಯಾಗಿಯೇ ಬೆಳೆದವು; ಒಳ್ಳೆಯ ಹಾಲು, ಒಳ್ಳೆಯ ಗಾಳಿ, ತಿಳಿದವರ ಆರೈಕೆ. ಎರಡನೆಯ ವರ್ಷದಲ್ಲಿ ನಡೆಯುವುದು, ಹತ್ತುವುದು, ತಮ್ಮ ಊಟ ತಾವೇ ಮಾಡುವುದು ಇವುಗಳಲ್ಲೂ ಅವು ಮುಂದಿದ್ದವು. ಮಾತಿನಲ್ಲಿ ಮಾತ್ರ ಹಿಂದೆ ಬಿದ್ದವು. ಎರಡು ವರ್ಷದ ಮಗು ಮನೆಯಲ್ಲಿ ಬೆಳೆದ ಓರಗೆಯ ಮಗುವಿಗಿಂತ ಸುಮಾರು ಆರು ತಿಂಗಳು ಹಿಂದಿತ್ತು. ಅದೇ ಮಗು ರಜೆಗೆಂದು ಒಂದೆರಡು ವಾರ ತಾಯಿಯ ಬಳಿ ಇದ್ದು ಬಂದರೆ, ಶಿಶುಗೃಹದಲ್ಲಿ ಮೂರು ತಿಂಗಳಲ್ಲಿ ಕಲಿಯುವಷ್ಟು ಮಾತು ಕಲಿತು ಬರುತ್ತಿತ್ತು. ಕನ್ನಡದಲ್ಲಿ ನಾವು ತಾಯ್ನುಡಿ ಎನ್ನುತ್ತೇವಲ್ಲ, ಆ ಪದಕ್ಕೆ ಹ್ಯಾಂಪ್‌ಸ್ಟೆಡ್ಡಿನ ಚೀಟಿಗಳು ಸಾಕ್ಷಿ ಹೇಳುತ್ತವೆನ್ನಬಹುದು. ಮಾತು ಹುಟ್ಟುವುದು ಗುಂಪಿನಲ್ಲಲ್ಲ, ಇಬ್ಬರ ನಡುವೆ.

ಇನ್ನೊಂದು ಸಂಗತಿಯನ್ನು ಓದಿದಾಗ ನನಗೆ ‘ಎತ್ತಿಕೊಂಡವರ ಕೂಸು’ ನೆನಪಾಯಿತು. ಶಿಶುಗೃಹದ ಮಕ್ಕಳನ್ನು ಮೊದಮೊದಲು ಎಲ್ಲ ದಾದಿಯರೂ ನೋಡಿಕೊಳ್ಳುತ್ತಿದ್ದರು. ಯಾರಿಗೆ ಬಿಡುವೋ ಅವರು ಎತ್ತಿಕೊಳ್ಳುವುದು, ಉಣಿಸುವುದು, ಮಲಗಿಸುವುದು. ಮಕ್ಕಳು ಶಾಂತವಾಗಿದ್ದವು. ಆದರೆ ಎಷ್ಟು ಹೇಳಿಕೊಟ್ಟರೂ ಕೆಲವು ಕಲಿಕೆಗಳಲ್ಲಿ ಮುಂದೆ ಹೋಗಲಿಲ್ಲ. ಆಗ ಆನಾ ಫ್ರಾಯ್ಡ್ ಮತ್ತು ಬರ್ಲಿಂಗ್‌ಹ್ಯಾಮ್ ಮಕ್ಕಳನ್ನು ನಾಲ್ಕೈದರಂತೆ ಚಿಕ್ಕ ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಗುಂಪಿಗೆ ಒಬ್ಬೊಬ್ಬ ದಾದಿಯನ್ನು ಗೊತ್ತುಮಾಡಿ, ‘ಕುಟುಂಬ’ಗಳನ್ನು ಕಟ್ಟಿದರು. ಮಕ್ಕಳು ಒಲಿದ ದಾದಿಯನ್ನೇ ಆರಿಸಿ ಆ ಗುಂಪಿಗೆ ಕೊಟ್ಟರು. ಒಂದು ವಾರದೊಳಗೆ ಮನೆಯ ಸ್ವರೂಪವೇ ಬದಲಾಯಿತು. ಶಾಂತವಾಗಿದ್ದ ಮಕ್ಕಳು ಜಗಳವಾಡತೊಡಗಿದವು, ಕಚ್ಚಿದವು, ‘ನನ್ನ’ ದಾದಿ ಎಂದು ಸೆರಗು ಹಿಡಿದವು, ಆಕೆ ಕೋಣೆ ಬಿಟ್ಟು ಹೊರಟರೆ ಎದೆ ಬಿರಿಯುವಂತೆ ಅತ್ತವು. ಹೊರಗಿನಿಂದ ಬಂದು ನೋಡಿದವರು, ಎಂಥ ಶಿಸ್ತಿನ ಮನೆ ಹೀಗಾಯಿತಲ್ಲ ಎಂದುಕೊಂಡಿರಬೇಕು. ಆದರೆ ಆ ಗಲಾಟೆ ತಣಿಯುತ್ತ ಬಂದಂತೆ ನಿಂತಿದ್ದ ಬೆಳವಣಿಗೆ ಚಿಗುರಿತು. ಮಾತು ಬಂತು, ಶುಚಿಯ ಅಭ್ಯಾಸ ಬಂತು.

ಹಾಗಾದರೆ ಮೊದಲಿನ ಆ ಶಾಂತಿ ಏನು? ಯಾರು ಎತ್ತಿಕೊಂಡರೂ ಅಳದಿದ್ದುದು ಸುಗುಣವೇ, ಸೋಲೇ? ನಮ್ಮ ಅಜ್ಜಿಯರ ಮಾತು ಸುಳ್ಳೆಂದು ನಾನು ಹೇಳಲಾರೆ. ಅವರು ಕಂಡ ಕೂಸಿಗೆ ಹತ್ತು ಕೈಗಳಿದ್ದವು ನಿಜ, ಆದರೆ ಆ ಹತ್ತೂ ನಿನ್ನೆ ಇದ್ದ ಕೈಗಳೇ, ನಾಳೆಯೂ ಇರುವ ಕೈಗಳೇ. ಹ್ಯಾಂಪ್‌ಸ್ಟೆಡ್ಡಿನ ಕೂಸಿಗೆ ದೊರೆತದ್ದು ಸರದಿಯ ಕೈಗಳು. ಹೆತ್ತವಳೇ, ಕಲಿತವಳೇ ಎಂದು ನಾವು ವಾದಿಸುತ್ತಿರುವಾಗ ಮಗು ಕೇಳುತ್ತಿರುವುದು ಬೇರೆಯೇ ಪ್ರಶ್ನೆ: ಇವತ್ತು ಎತ್ತಿಕೊಂಡವಳು ನಾಳೆಯೂ ಬರುತ್ತಾಳೆಯೆ? ನಾನು ಆಗಲೇ ಹೇಳಿದ ಮೂರನೆಯ ಪ್ರಶ್ನೆ ಇದು.

ಇದಕ್ಕೆ ವಿಚಿತ್ರವಾದ ಪುರಾವೆಯೊಂದು ಯುದ್ಧ ಮುಗಿದ ಮೇಲೆ ದೊರೆಯಿತು. ಜೆಕೊಸ್ಲೊವಾಕಿಯಾದ ತೆರೆಜೀನ್ ಎಂಬಲ್ಲಿ ನಾಜಿಗಳು ನಡೆಸಿದ ಸೆರೆಶಿಬಿರದಿಂದ ಬದುಕುಳಿದ ಆರು ಯೆಹೂದಿ ಅನಾಥ ಮಕ್ಕಳು ೧೯೪೫ರಲ್ಲಿ ಇಂಗ್ಲೆಂಡಿಗೆ ಬಂದವು. ಮೂರು ಮೂರೂವರೆ ವರ್ಷದ ಮಕ್ಕಳು. ತಾಯಿತಂದೆಯರನ್ನು ಎಳವೆಯಲ್ಲೇ ಕಳೆದುಕೊಂಡು, ತಾವೂ ಸೆರೆಯಾಳುಗಳಾಗಿದ್ದ, ದಿನ ಬೆಳಗಾದರೆ ಬದಲಾಗುತ್ತಿದ್ದ ಹಿರಿಯರ ಕೈಯಲ್ಲಿ ಬೆಳೆದವು. ಸಸೆಕ್ಸ್ ಪ್ರಾಂತದ ಒಂದು ಮನೆಯಲ್ಲಿ ಅವನ್ನು ಒಂದು ವರ್ಷ ಇಟ್ಟುಕೊಂಡರು. ಅವುಗಳ ವಿಚಾರವಾಗಿ ಆನಾ ಫ್ರಾಯ್ಡ್ ಮತ್ತು ಸೋಫಿ ಡ್ಯಾನ್ ೧೯೫೧ರಲ್ಲಿ ಒಂದು ಪ್ರಬಂಧ ಬರೆದರು. ಆ ಮಕ್ಕಳು ಹಿರಿಯರನ್ನು ಹೊಡೆಯುತ್ತಿದ್ದವು, ಅವರ ಮೇಲೆ ಉಗುಳುತ್ತಿದ್ದವು, ಕೊಟ್ಟ ಆಟಿಕೆಗಳನ್ನು ಮುರಿಯುತ್ತಿದ್ದವು. ಆದರೆ ತಮ್ಮತಮ್ಮಲ್ಲಿ ಒಬ್ಬರನ್ನೊಬ್ಬರು ಕ್ಷಣವೂ ಅಗಲುತ್ತಿರಲಿಲ್ಲ. ಪಕ್ಕದವನಿಗೆ ಬಡಿಸಿದ ಹೊರತು ತಾವು ಉಣ್ಣುತ್ತಿರಲಿಲ್ಲ. ನಡೆಯಲು ಹೋದಾಗ ಒಬ್ಬ ಹಿಂದುಳಿದರೆ ಉಳಿದವರು ನಿಂತು ಕಾಯುತ್ತಿದ್ದರು. ಅವುಗಳ ಬದುಕಿನಲ್ಲಿ ನಿನ್ನೆ ಇದ್ದು ಇಂದೂ ಇದ್ದವರೆಂದರೆ ಅವುಗಳೇ. ಮೂರು ವರ್ಷದ ಕೂಸುಗಳು ಒಂದಕ್ಕೊಂದು ತಾಯಾದ ಈ ವೃತ್ತಾಂತವನ್ನು ಓದಿ ಮುಗಿಸಿದ ದಿನ ನಾನು ಬೇರೇನನ್ನೂ ಓದಲಿಲ್ಲ.

ಇಲ್ಲಿಂದ ಮುಂದೆ ಕಥೆಗೆ ರಾಜಕೀಯ ಬೆರೆಯುತ್ತದೆ. ಯುದ್ಧಕಾಲದಲ್ಲಿ ಬ್ರಿಟಿಷ್ ಸರಕಾರ, ಕಾರ್ಖಾನೆಗಳಿಗೆ ಹೆಂಗಸರು ಬೇಕಾಗಿದ್ದರಿಂದ, ಸುಮಾರು ಒಂದೂವರೆ ಸಾವಿರ ಹಗಲು ಶಿಶುಗೃಹಗಳನ್ನು ತೆರೆದಿತ್ತು. ಅಮೆರಿಕದಲ್ಲೂ ಹಾಗೆಯೇ. ಆರೆಗಾನ್ ರಾಜ್ಯದ ಪೋರ್ಟ್‌ಲೆಂಡಿನ ಕೈಸರ್ ಹಡಗುಕಟ್ಟೆಯವರು ೧೯೪೩ರಲ್ಲಿ ಕಾರ್ಖಾನೆಯ ಹೆಬ್ಬಾಗಿಲ ಬಳಿಯೇ ಎರಡು ಶಿಶುಗೃಹಗಳನ್ನು ಕಟ್ಟಿಸಿದರು. ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುತ್ತಿದ್ದ ಅವು, ಪಾಳಿ ಮುಗಿಸಿ ಬಂದ ತಾಯಿ ಮಗುವಿನ ಜೊತೆಗೆ ರಾತ್ರಿಯ ಅಡಿಗೆಯನ್ನೂ ಮನೆಗೆ ಒಯ್ಯುವ ಅನುಕೂಲ ಮಾಡಿಕೊಟ್ಟವು. ಯುದ್ಧ ಮುಗಿಯಿತು, ಅವೂ ಮುಚ್ಚಿದವು. ಬ್ರಿಟನ್ನಿನಲ್ಲಿ ೧೯೪೫ರ ಕೊನೆಗೆ ಆರೋಗ್ಯ ಇಲಾಖೆಯ ಸುತ್ತೋಲೆ ಹೊರಟಿತು: ಎರಡು ವರ್ಷದೊಳಗಿನ ಮಕ್ಕಳ ತಾಯಂದಿರು ಕೆಲಸಕ್ಕೆ ಹೋಗುವುದನ್ನು ನಿರುತ್ತೇಜನಗೊಳಿಸತಕ್ಕದ್ದು ಎಂಬುದು ಅದರ ಇಂಗಿತ. ಐದು ವರ್ಷ ದೇಶಕ್ಕೆ ಬೇಕಾಗಿದ್ದ ಕೈಗಳು ಇದ್ದಕ್ಕಿದ್ದಂತೆ ತೊಟ್ಟಿಲಿಗೆ ಬೇಕಾದವು.

ಸಾಮಾನ್ಯವಾಗಿ ಇದರ ಹೊಣೆಯನ್ನು ಜಾನ್ ಬೌಲ್ಬಿ ಎಂಬ ಮನೋವೈದ್ಯನ ತಲೆಗೆ ಕಟ್ಟುವುದುಂಟು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಆತ ೧೯೫೧ರಲ್ಲಿ ಬರೆದ ವರದಿ, ತಾಯಿಯ ನಿರಂತರವಾದ ಬೆಚ್ಚನೆಯ ಸಂಗ ಮಗುವಿನ ಮನಸ್ಸಿಗೆ ಅನ್ನದಷ್ಟೇ ಅಗತ್ಯವೆಂದು ಸಾರಿತು. ೧೯೫೩ರಲ್ಲಿ ಅದರ ಸುಲಭ ಆವೃತ್ತಿ ಪೆಂಗ್ವಿನ್ ಪ್ರಕಾಶನದಿಂದ ಬಂದು ಮನೆಮನೆಗೂ ತಲುಪಿತು. ಆದರೆ ಇಸವಿಗಳನ್ನು ಗಮನಿಸಿ. ಬಾಗಿಲುಗಳು ಮುಚ್ಚತೊಡಗಿದ್ದು ೧೯೪೫ರಲ್ಲಿ, ವರದಿ ಬಂದದ್ದು ೧೯೫೧ರಲ್ಲಿ. ಡೆನೀಸ್ ರೈಲಿ ಎಂಬ ಲೇಖಕಿ ೧೯೮೩ರ ತನ್ನ ಗ್ರಂಥದಲ್ಲಿ ಈ ಸಂಗತಿಯನ್ನು ಚೆನ್ನಾಗಿ ಬಿಡಿಸಿ ತೋರಿಸಿದ್ದಾಳೆ. ವಿಜ್ಞಾನ ಆಜ್ಞೆ ಮಾಡಲಿಲ್ಲ. ಖಜಾನೆ ಮೊದಲೇ ಮಾಡಿದ್ದ ಆಜ್ಞೆಗೆ ಅದು ಆಮೇಲೆ ಸಮರ್ಥನೆಯಾಗಿ ಒದಗಿತು.

ಆ ಸಮರ್ಥನೆಯೂ ಸರಿಯಾದದ್ದಲ್ಲ. ಬೌಲ್ಬಿ ಆಧಾರವಾಗಿ ಇಟ್ಟುಕೊಂಡದ್ದು ಅನಾಥಾಲಯಗಳ, ಆಸ್ಪತ್ರೆಗಳ, ರಾತ್ರಿಹಗಲಿನ ಶಿಶುಗೃಹಗಳ ಮಕ್ಕಳನ್ನು. ತಿಂಗಳುಗಟ್ಟಲೆ ತಾಯಿಯ ಮುಖ ಕಾಣದ ಮಕ್ಕಳ ದುಃಖವನ್ನು, ಸಂಜೆ ಐದಕ್ಕೆ ತಾಯಿಯ ಕಂಕುಳೇರುವ ಮಕ್ಕಳಿಗೂ ಅನ್ವಯಿಸಿಬಿಟ್ಟರೆ ಹೇಗೆ? ವಿಶ್ವ ಆರೋಗ್ಯ ಸಂಸ್ಥೆಯೇ ೧೯೬೨ರಲ್ಲಿ ಮರುಪರಿಶೀಲನೆಯ ಸಂಪುಟವೊಂದನ್ನು ತಂದಿತು. ಬೌಲ್ಬಿಯ ಜೊತೆ ದುಡಿದ ಮೇರಿ ಏನ್ಸ್‌ವರ್ತ್ ಅದರಲ್ಲಿ ಬರೆದಳು, ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡಳೂ ಬರೆದಳು. ೧೯೭೨ರಲ್ಲಿ ಮೈಕೇಲ್ ರಟ್ಟರ್ ‘ತಾಯಿಯ ಅಭಾವ’ ಎಂಬ ಒಂದೇ ಹೆಸರಿನಡಿ ಎಷ್ಟೊಂದು ಬೇರೆಬೇರೆ ಸಂಗತಿಗಳನ್ನು ತುಂಬಿದ್ದಾರೆಂಬುದನ್ನು ತೋರಿಸಿಕೊಟ್ಟ. ಆದರೂ ನಮ್ಮ ಪಟ್ಟಣದ ಹರಟೆಗಳಲ್ಲಿ ಇವತ್ತಿಗೂ ಕೇಳಿಬರುವುದು ೧೯೫೧ರ ಪ್ರತಿಧ್ವನಿಯೇ.

ಹಗಲಿಗೂ ರಾತ್ರಿಗೂ ಇರುವ ಈ ಅಂತರವನ್ನು ಇಸ್ರೇಲಿನ ಕಿಬ್ಬುಟ್ಸುಗಳು ಯಾರೂ ಬೇಕೆಂದು ಏರ್ಪಡಿಸದ ಪ್ರಯೋಗವೊಂದರಂತೆ ತೋರಿಸಿದವು. ಕಿಬ್ಬುಟ್ಸ್ ಎಂದರೆ ಭೂಮಿ, ದುಡಿಮೆ, ಊಟ ಎಲ್ಲವೂ ಸಾಮೂಹಿಕವಾಗಿದ್ದ ಬೇಸಾಯದ ಊರು. ಮಕ್ಕಳು ಹಗಲು ಮಾತ್ರವಲ್ಲ, ರಾತ್ರಿಯೂ ‘ಮಕ್ಕಳ ಮನೆ’ಯಲ್ಲೇ ಮಲಗುತ್ತಿದ್ದರು, ಸಂಜೆ ಕೆಲವು ಗಂಟೆ ತಂದೆತಾಯಿಯರ ಜೊತೆ. ಕ್ರಮೇಣ ಕೆಲವು ಕಿಬ್ಬುಟ್ಸುಗಳು ಮಕ್ಕಳನ್ನು ರಾತ್ರಿ ಮನೆಗೆ ಕಳುಹಿಸತೊಡಗಿದವು, ಕೆಲವು ಹಳೆಯ ಪದ್ಧತಿಯನ್ನೇ ಉಳಿಸಿಕೊಂಡವು. ಅಬ್ರಹಾಂ ಸಾಗಿ ಮತ್ತು ಸಂಗಡಿಗರು ಎರಡೂ ಬಗೆಯ ಕೂಸುಗಳನ್ನು ಹೋಲಿಸಿ ೧೯೯೪ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಗಲಿನ ಆರೈಕೆ ಎರಡರಲ್ಲೂ ಒಂದೇ ಬಗೆ. ರಾತ್ರಿ ಮನೆಯಲ್ಲಿ ಮಲಗುವವರಲ್ಲಿ ೧೦೦ಕ್ಕೆ ೮೦ ಕೂಸುಗಳಿಗೆ ತಾಯಿಯಲ್ಲಿ ಭದ್ರವಾದ ನೆಚ್ಚಿಕೆಯಿತ್ತು. ಮಕ್ಕಳ ಮನೆಯಲ್ಲಿ ಮಲಗುವವರಲ್ಲಿ ೧೦೦ಕ್ಕೆ ೪೮. ರಾತ್ರಿ ಅಳುವ ಮಗುವಿನ ಬಳಿಗೆ ಬರುತ್ತಿದ್ದವರು ಯಾರು? ಸರದಿಯ ಮೇಲೆ ಬದಲಾಗುತ್ತಿದ್ದ ಕಾವಲು ಹೆಂಗಸರು. ಇಡೀ ಊರಿನ ಕೂಸುಗಳಿಗೆ ಒಬ್ಬಿಬ್ಬರು. ೧೯೯೦ರ ದಶಕ ಮುಗಿಯುವ ಹೊತ್ತಿಗೆ ಆ ಪದ್ಧತಿ ಹೆಚ್ಚುಕಡಿಮೆ ಕಣ್ಮರೆಯಾಯಿತು. ಅದನ್ನು ನಿಲ್ಲಿಸಿದವರು ಪಂಡಿತರಲ್ಲ, ಅಲ್ಲಿ ತಾವೇ ಬೆಳೆದು ದೊಡ್ಡವರಾಗಿದ್ದ ತಾಯಂದಿರು.

ಅಮೆರಿಕದಲ್ಲಿ ೧೯೯೧ರಿಂದ ಹತ್ತು ಊರುಗಳ ೧,೩೬೪ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ದೊಡ್ಡ ಅಧ್ಯಯನವೊಂದಿದೆ. ಅದರ ವಿವರಕ್ಕೆ ಹೋಗಲು ಸಮಯವಿಲ್ಲ. ಹಗಲು ಬೇರೆಯವರ ಬಳಿ ಬಿಟ್ಟ ಮಾತ್ರಕ್ಕೆ ತಾಯಿಮಗುವಿನ ನಂಟು ಸಡಿಲವಾಗುವುದಿಲ್ಲ. ತಾಯಿಯ ಸ್ಪಂದನವೇ ಎಲ್ಲಕ್ಕಿಂತ ಹೆಚ್ಚು ತೂಗುತ್ತದೆ. ಆದರೆ ಮನೆಯಲ್ಲೂ ಗಮನವಿಲ್ಲದೆ ಹೊರಗೂ ಕಳಪೆ ಆರೈಕೆಯಾದರೆ ಕೇಡು ಇಮ್ಮಡಿಯಾಗುತ್ತದೆ, ತೀರ ದೀರ್ಘವಾದ ಗಂಟೆಗಳು ಸ್ವಲ್ಪಮಟ್ಟಿಗೆ ಹಟಮಾರಿತನವನ್ನು ಹೆಚ್ಚಿಸುತ್ತವೆ ಎಂದಷ್ಟು ಅದರಿಂದ ತಿಳಿಯುತ್ತದೆ.

ಇನ್ನು ನಮ್ಮ ಮನೆಯ ಅಂಗಳಕ್ಕೆ ಬರೋಣ. ಕೂಡುಕುಟುಂಬದ ಹತ್ತು ಕೈಗಳನ್ನು ನಾನು ಆಗಲೇ ಹೊಗಳಿದೆ. ಆ ಕೈಗಳು ಯಾರವು ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನನ್ನ ದೊಡ್ಡಕ್ಕ. ಆಗ ಅವಳಿಗೆ ಒಂಬತ್ತು ವರ್ಷ. ನನ್ನ ಹಿಂದೆ ಇನ್ನಿಬ್ಬರು ಹುಟ್ಟಿದರು; ಅವರನ್ನೂ ಹೊತ್ತಳು. ಮೂರನೆಯ ತರಗತಿಗೆ ನಿಂತ ಅವಳ ಶಾಲೆ ಮತ್ತೆ ಶುರುವಾಗಲಿಲ್ಲ. ನಾನು ಓದಿದ ಪುಸ್ತಕಗಳ ಹೆಸರನ್ನು ಅವಳು ಇಂದಿಗೂ ನನ್ನ ಬಾಯಿಂದ ಓದಿಸಿ ಕೇಳುತ್ತಾಳೆ. ಮನೆಯ ಆರೈಕೆ ಎಂದು ನಾವು ಕರೆಯುವುದರಲ್ಲಿ ಎಷ್ಟು ಪಾಲು ತಾಯಿಯದು, ಎಷ್ಟು ಪಾಲು ಇಂಥ ಪುಟ್ಟ ಹುಡುಗಿಯರದು ಎಂಬ ಲೆಕ್ಕವನ್ನು ಯಾರು ಇಟ್ಟಿದ್ದಾರೆ?

ದೆಹಲಿಯಲ್ಲಿ ೧೯೬೯ರಲ್ಲಿ ಗಾಂಧೀ ಶತಮಾನೋತ್ಸವದ ಕಟ್ಟಡ ಕೆಲಸ ನಡೆಯುತ್ತಿದ್ದಾಗ ಮೀರಾ ಮಹಾದೇವನ್ ಎಂಬವರು ರಾಜಘಾಟದ ಬಳಿ ಇಂಥದೇ ದೃಶ್ಯ ಕಂಡರು. ತಾಯಂದಿರು ತಲೆಯ ಮೇಲೆ ಇಟ್ಟಿಗೆ ಹೊರುತ್ತಿದ್ದಾರೆ. ಕೂಸುಗಳು ಜಲ್ಲಿ ಮಣ್ಣಿನ ನಡುವೆ ಬಿದ್ದಿವೆ. ಅವರು ಅಲ್ಲೇ ಒಂದು ಗುಡಾರ ಹಾಕಿಸಿ ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಟು ಮಾಡಿದರು. ಮುಂದೆ ಅದೇ ‘ಮೊಬೈಲ್ ಕ್ರೆಷಸ್’ ಸಂಸ್ಥೆಯಾಗಿ ಬೆಳೆಯಿತು. ಕಟ್ಟಡ ಎದ್ದು ನಿಂತೊಡನೆ ಕೂಲಿಯವರು ಇನ್ನೊಂದು ಕಡೆಗೆ, ಶಿಶುಗೃಹವೂ ಇನ್ನೊಂದು ಕಡೆಗೆ. ಆದ್ದರಿಂದ ಆ ಹೆಸರು. ಎಳೆಯ ಕೂಸುಗಳಿಗಾಗಿ ಗುಡಾರ ಹಾ​ಕಿದರೆ, ಅವುಗಳನ್ನು ಹೊತ್ತುಕೊಂಡಿದ್ದ ಅಕ್ಕಂದಿರೂ ಜೊತೆಗೇ ಬರುತ್ತಾರೆ. ಅವರಿಗೆ ಅಕ್ಷರ ಕಲಿಸುವ ಕೆಲಸವೂ ಇಂಥ ಗುಡಾರಗಳಲ್ಲೇ ನಡೆಯಬೇಕಾಗುತ್ತದೆ.

ಕಾನೂನಿನ ಕಡೆಯಿಂದ ನೋಡಿದರೆ ನಮ್ಮಲ್ಲಿ ಹೆಚ್ಚು ಹೇಳುವುದೇನಿಲ್ಲ. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಶಿಶುಗೃಹವಿರಬೇಕೆಂದು ೧೯೪೮ರ ಕಾಯಿದೆ ವಿಧಿಸಿತು. ೧೯೭೬ರಲ್ಲಿ ಆ ಸಂಖ್ಯೆಯನ್ನು ಮೂವತ್ತಕ್ಕೆ ಇಳಿಸಿದರು. ಹೆಂಗಸರ ತಲೆ ಮಾತ್ರ ಎಣಿಸುತ್ತಿದ್ದ ಕಾಯಿದೆ ಅದು. ಗಂಡಸರಿಗೆ ಮಕ್ಕಳಿರುವುದಿಲ್ಲವೆಂದು ತೋರುತ್ತದೆ! ಹೆಂಗಸರ ಸಂಖ್ಯೆ ಆ ಗಡಿ ದಾಟದಂತೆ ನೋಡಿಕೊಂಡರೆ ಮಾಲೀಕನಿಗೆ ಅದರ ಗೊಡವೆಯೇ ಇರಲಿಲ್ಲ. ೨೦೧೭ರ ಹೆರಿಗೆ ಸೌಲಭ್ಯದ ತಿದ್ದುಪಡಿ ಈ ಎಣಿಕೆಯನ್ನು ತಿದ್ದಿ, ಐವತ್ತು ಮಂದಿ ನೌಕರರಿದ್ದರೆ ಶಿಶುಗೃಹವಿರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಹೋಗಿ ಮಗುವನ್ನು ನೋಡಬಹುದು ಎಂದಿತು. ರಜೆಯನ್ನೂ ೧೨ ವಾರದಿಂದ ೨೬ ವಾರಕ್ಕೆ ಏರಿಸಿತು. ಆನಾ ಫ್ರಾಯ್ಡ್ ತನ್ನ ಮನೆಗಳಲ್ಲಿ ತಾಯಂದಿರು ಯಾವ ಹೊತ್ತಿನಲ್ಲಾದರೂ ಬರಬಹುದೆಂದು ಬಾಗಿಲು ತೆರೆದಿಟ್ಟಿದ್ದಳೆಂಬುದನ್ನು ಇಲ್ಲಿ ನೆನೆಯಬಹುದು. ಆದರೆ ನಮ್ಮ ನಾಡಿನ ದುಡಿಯುವ ತಾಯಂದಿರಲ್ಲಿ ಬಹುಪಾಲು ಮಂದಿ ಹೊಲದಲ್ಲಿ, ಕಲ್ಲುಗಣಿಯಲ್ಲಿ, ಬೇರೆಯವರ ಮನೆಯ ಪಾತ್ರೆಗಳ ಮುಂದೆ ಇರುವವರು. ಅವರನ್ನು ಯಾವ ಕಾರ್ಖಾನೆಯ ರಿಜಿಸ್ಟರೂ ಎಣಿಸುವುದಿಲ್ಲ.

ಅವರ ಮಕ್ಕಳಿಗೆ ಇರುವುದು ಅಂಗನವಾಡಿ. ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆಗಳಲ್ಲಿ ಆ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಆದರೆ ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷ ದಾಟಿದ ಮಕ್ಕಳನ್ನು, ಅದೂ ಕೆಲವೇ ಗಂಟೆಗಳ ಕಾಲ. ಅದಕ್ಕಿಂತ ಎಳೆಯವರಿಗೆ ಪುಷ್ಟಿಯ ಆಹಾರದ ಪೊಟ್ಟಣ ಮನೆಗೆ ಹೋಗುತ್ತದೆ. ಎತ್ತಿಕೊಳ್ಳುವ ಕೈ ಹೋಗುವುದಿಲ್ಲ. ಈ ಕೊರತೆಯನ್ನು ಕಂಡೇ ಇರಬೇಕು, ಉದ್ಯೋಗ ಖಾತರಿ ಕೆಲಸಕ್ಕೆ ಬರುವ ಹೆಂಗಸರ ಎಳೆಯ ಮಕ್ಕಳಿಗಾಗಿ ೪,೦೦೦ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ಕರ್ನಾಟಕ ಸರಕಾರ ೨೦೨೩ರಲ್ಲಿ ಘೋಷಿಸಿತು. ಮಾರ್ಬೊನ ಗೋದಲಿಗಿಂತ ಚೆಲುವಾದ ಹೆಸರು. ನೋಡಿಕೊಳ್ಳುವವರೂ ಆಯಾ ಊರಿನ ಹೆಂಗಸರೇ. ಅವರು ಊರಿನವರಾದ್ದರಿಂದ ಮಗುವಿಗೆ ಮುಖಪರಿಚಯವಿರುತ್ತದೆ, ಮನೆಯ ಮಾತೇ ಅಲ್ಲೂ ಕಿವಿಗೆ ಬೀಳುತ್ತದೆ. ಆದರೆ ಕೆಲಸವನ್ನು ಹಂಚಬೇಕೆಂಬ ಕಾರಣಕ್ಕೆ ಅವರನ್ನು ಸರದಿಯಂತೆ ಬದಲಾಯಿಸುತ್ತ ಹೋದರೆ ಹ್ಯಾಂಪ್‌ಸ್ಟೆಡ್ಡಿನ ಮೊದಲ ತಿಂಗಳುಗಳ ಶಾಂತಿಯೇ ಇಲ್ಲೂ ನೆಲೆಸೀತು. ತಪಾಸಣೆಗೆ ಬಂದ ಅಧಿಕಾರಿ, ಮಕ್ಕಳು ಎಷ್ಟು ಚೆನ್ನಾಗಿವೆ, ಒಂದೂ ಅಳುವುದಿಲ್ಲ ಎಂದು ಬರೆದುಕೊಂಡು ಹೋಗಬಹುದು.

ಕಲಿತವರ ಕೈಗೆ ಒಪ್ಪಿಸಿ ಎನ್ನುವವರಿಗೆ ನಾನು ಕೇಳುವುದಿಷ್ಟೇ. ಕಲಿತವಳು ನಿಲ್ಲುವುದು ಹೇಗೆ? ಪಟ್ಟಣದ ಶಿಶುಪಾಲನಾ ಕೇಂದ್ರಗಳಲ್ಲಿ ಬಣ್ಣಬಣ್ಣದ ಗೋಡೆಗಳಿರುತ್ತವೆ, ಆಟಿಕೆಗಳಿರುತ್ತವೆ. ನನ್ನ ಪರಿಚಯದ ಮನೆಯೊಂದರ ಮಗುವನ್ನು ಬಿಡುತ್ತಿದ್ದ ಕೇಂದ್ರದಲ್ಲಿ ಒಂದೇ ವರ್ಷದಲ್ಲಿ ನಾಲ್ವರು ಆಯಾಗಳು ಬದಲಾದರು. ತಿಂಗಳಿಗೆ ಇನ್ನೂರು ಮುನ್ನೂರು ರೂಪಾಯಿ ಹೆಚ್ಚು ಸಿಕ್ಕಿದಲ್ಲಿಗೆ ಅವರು ಹೋದರು. ಅವರನ್ನು ತಪ್ಪೆನ್ನುವುದು ಹೇಗೆ? ಅವರಿಗೂ ಮಕ್ಕಳಿದ್ದವು, ಆ ಮಕ್ಕಳು ಯಾರ ಬಳಿ ಇದ್ದವೋ. ತಂದೆತಾಯಿ ಆ ಕೇಂದ್ರದ ಅಂಗಳ, ಊಟ, ಕ್ಯಾಮರಾ ಎಲ್ಲವನ್ನೂ ವಿಚಾರಿಸಿಕೊಂಡಿದ್ದರು. ಇಲ್ಲಿ ನೋಡಿಕೊಳ್ಳುವಾಕೆ ಎಷ್ಟು ವರ್ಷದಿಂದ ಇದ್ದಾಳೆ, ಅವಳಿಗೆ ಎಷ್ಟು ಕೊಡುತ್ತೀರಿ ಎಂದು ಮಾತ್ರ ಕೇಳಿರಲಿಲ್ಲ.

ಅಂಗನವಾಡಿಯ ಕಾರ್ಯಕರ್ತೆ ಈ ಆಯಾಗಳ ಹಾಗಲ್ಲ, ನಿಲ್ಲುತ್ತಾಳೆ. ಒಂದೇ ಊರಿನಲ್ಲಿ ಇಪ್ಪತ್ತು ಮೂವತ್ತು ವರ್ಷ ನಿಂತು, ತಾನು ನೋಡಿಕೊಂಡ ಮಕ್ಕಳ ಮಕ್ಕಳನ್ನೂ ನೋಡಿಕೊಂಡವರುಂಟು. ಅವಳಿಗೆ ಸರಕಾರ ಕೊಡುತ್ತ ಬಂದದ್ದನ್ನು ಸಂಬಳವೆನ್ನುವುದಿಲ್ಲ, ಗೌರವಧನವೆನ್ನುತ್ತಾರೆ. ಆಕೆ ನೌಕರಳಲ್ಲ, ಸ್ವಯಂಸೇವಕಿ ಎಂಬ ತರ್ಕ ಅದರ ಹಿಂದಿನದು. ಮಮತೆಗೆ ಬೆಲೆ ಕಟ್ಟಬಾರದೆಂಬ ನಮ್ಮ ಹಳೆಯ ಸಂಕೋಚ ಇಲ್ಲಿ ಖಜಾನೆಗೆ ಬಹಳ ಅನುಕೂಲವಾಗಿ ಒದಗಿದೆ. ೨೦೨೨ರ ಏಪ್ರಿಲಿನಲ್ಲಿ ಗುಜರಾತಿನ ಅಂಗನವಾಡಿ ಹೆಂಗಸರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ತರ್ಕವನ್ನು ಒಪ್ಪಲಿಲ್ಲ. ೧೯೭೨ರ ಗ್ರಾಚ್ಯುಯಿಟಿ ಕಾಯಿದೆ ಇವರಿಗೂ ಅನ್ವಯಿಸುತ್ತದೆಂದು ತೀರ್ಪಿತ್ತಿತು. ಆ ಕಾಯಿದೆ ಗ್ರಾಚ್ಯುಯಿಟಿಗೆ ಇಟ್ಟ ಷರತ್ತು ಬಿಡದೆ ಐದು ವರ್ಷದ ಸೇವೆ. ವರ್ಷ ತುಂಬಿದ ಕೂಸೊಂದು ಬೆಳೆದು ಶಾಲೆಯ ಮೆಟ್ಟಿಲು ಹತ್ತಲು ಹಿಡಿಯುವ ಕಾಲವೂ ಸರಿಸುಮಾರು ಅಷ್ಟೇ.